ಜೋಡಣೆಯ ದೋಷ ನೆಲದ ಮೇಲೆಯೇ ಸಿಗಬೇಕು: ವಿಮಾನ ವಿದ್ಯುನ್ಮಾನದ ಪರೀಕ್ಷಾ ರಿಗ್ ಮತ್ತು ಸಣ್ಣ ಉದ್ಯಮದ ಲೆಕ್ಕಾಚಾರ

ಭಾರತದ ಹಗುರ ಯುದ್ಧ ವಿಮಾನದ ಮೊದಲ ಮಾದರಿಯನ್ನು ಬೆಂಗಳೂರಿನಲ್ಲಿ 1995ರ ನವೆಂಬರ್ 17ರಂದು ಕಾರ್ಖಾನೆಯಿಂದ ಹೊರತರಲಾಯಿತು. ಅದೇ ವಿಮಾನ ನೆಲ ಬಿಟ್ಟು ಮೇಲೇರಿದ್ದು 2001ರ ಜನವರಿ 4ರಂದು. ನೋಡುವವರ ಕಣ್ಣಿಗೆ ವಿಮಾನವು ಸಿದ್ಧವಾಗಿಯೇ ಇತ್ತು. ಆದರೂ ಐದು ವರ್ಷಗಳಿಗೂ ಮಿಕ್ಕಿದ ಕಾಲ ಅದು ಹಾರಲಿಲ್ಲ. ಹಾರಾಟವನ್ನು ನಿಯಂತ್ರಿಸುವ ಗಣಕಗಳು, ಅವುಗಳೊಳಗಿನ ತಂತ್ರಾಂಶ, ರೆಕ್ಕೆಯ ಪಟ್ಟಿಗಳನ್ನು ಚಲಿಸುವ ಹೈಡ್ರಾಲಿಕ್ ಯಂತ್ರಗಳು, ಇವನ್ನೆಲ್ಲ ಕೂಡಿಸುವ ತಂತಿಗಳು ಒಂದಕ್ಕೊಂದು ಹೊಂದಿಕೊಂಡು ನಡೆಯುವವೇ ಎಂಬುದನ್ನು ನೆಲದ ಮೇಲೆ ಪರೀಕ್ಷಿಸಿ ನಿಶ್ಚಯಿಸಿಕೊಳ್ಳುವ ಕಾರ್ಯಕ್ಕೆ ಈ ಅವಧಿಯ ದೊಡ್ಡ ಪಾಲು ಸಂದಿತು. ಆ ಪರೀಕ್ಷೆ ನಡೆಯುವ ಸ್ಥಳವನ್ನೇ ಏಕೀಕರಣ ಪರೀಕ್ಷಾ ವೇದಿಕೆ ಎನ್ನುತ್ತಾರೆ. ತಂತ್ರಜ್ಞರ ಬಾಯಲ್ಲಿ ಅದು ‘ರಿಗ್’.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಈ ವಿಷಯದಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜವಾದುದು. ತೊಗರಿ, ಹತ್ತಿ, ಜೋಳ, ಕಬ್ಬು, ಲಿಂಬೆಗಳೇ ಈ ಭಾಗದ ವ್ಯಾಪಾರದ ಬೆನ್ನೆಲುಬು. ವಿಮಾನದ ಗಣಕವನ್ನು ತಯಾರಿಸುವ ಕಾರ್ಖಾನೆ ಇಲ್ಲಿಲ್ಲ. ಆದರೆ ದಾಲ್ ಮಿಲ್ಲಿನಲ್ಲಿ ಬಣ್ಣ ನೋಡಿ ಕಾಳು ವಿಂಗಡಿಸುವ ಸಾರ್ಟೆಕ್ಸ್ ಯಂತ್ರ, ಗಣಕಕ್ಕೆ ಜೋಡಿಸಿದ ವೇ ಬ್ರಿಜ್, ಸಕ್ಕರೆ ಕಾರ್ಖಾನೆಯ ಬಾಯ್ಲರ್ ನಿಯಂತ್ರಣ, ಹನಿ ನೀರಾವರಿಯ ಸ್ವಯಂಚಾಲಿತ ಕವಾಟ, ಸೌರ ಪಂಪಿನ ನಿಯಂತ್ರಕ ಇವೆಲ್ಲವೂ ಯಂತ್ರಾಂಶ ಮತ್ತು ತಂತ್ರಾಂಶಗಳ ಜೋಡಣೆಗಳೇ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನ ವ್ಯಾಪ್ತಿಯಲ್ಲಿದ್ದ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವೇ ನಿಂತಿದೆ. ಇಂತಹ ಜೋಡಣೆಗಳಲ್ಲಿ ಮಾಲು ಪೂರೈಸುವ ಸಣ್ಣ ಉದ್ಯಮಿಗೆ ನಷ್ಟವುಂಟಾಗುವುದು ಹೆಚ್ಚಾಗಿ ತನ್ನ ವಸ್ತು ಕೆಟ್ಟದ್ದರಿಂದ ಅಲ್ಲ. ತನ್ನ ವಸ್ತು ಇನ್ನೊಬ್ಬರ ವಸ್ತುವಿನೊಡನೆ ಕೂಡಿಕೊಳ್ಳದೆ ಹೋದದ್ದರಿಂದ. ಈ ರೋಗಕ್ಕೆ ಅತ್ಯಂತ ಕಟ್ಟುನಿಟ್ಟಾದ ಮದ್ದನ್ನು ಕಂಡುಕೊಂಡದ್ದು ವಿಮಾನೋದ್ಯಮ. ಆ ಮದ್ದಿನ ಸ್ವರೂಪವನ್ನೂ ಬೆಲೆಯನ್ನೂ ತಿಳಿದುಕೊಳ್ಳುವುದು ಸಣ್ಣ ಉದ್ಯಮಿಗೆ ಲಾಭದಾಯಕ.

ದೋಷ ಅಡಗಿರುವುದು ಕೂಡುವಲ್ಲಿ

ಇಬ್ಬರು ವ್ಯಾಪಾರಿಗಳ ತಕ್ಕಡಿಗಳು ಪ್ರತ್ಯೇಕವಾಗಿ ಸರಿಯಾಗಿಯೇ ಇರಬಹುದು. ಆದರೆ ಒಬ್ಬರ ಚೀಲ 50 ಕಿಲೋ, ಇನ್ನೊಬ್ಬರ ಚೀಲ 100 ಕಿಲೋ ಆಗಿದ್ದು, ಕರಾರಿನಲ್ಲಿ ‘ಚೀಲ’ ಎಂದಷ್ಟೇ ಬರೆದರೆ ಜಗಳ ನಿಶ್ಚಿತ. ತಂತ್ರಜ್ಞಾನದಲ್ಲಿಯೂ ಹೀಗೆಯೇ. ಅಮೆರಿಕದ ನಾಸಾ ಸಂಸ್ಥೆಯು ಮಂಗಳ ಗ್ರಹಕ್ಕೆ ಕಳುಹಿಸಿದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು 1999ರ ಸೆಪ್ಟೆಂಬರ್ 23ರಂದು ನಷ್ಟವಾಯಿತು. ನೆಲದ ಮೇಲಿನ ಒಂದು ತಂತ್ರಾಂಶ ಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಟ್ಟಿತು. ಅದನ್ನು ಬಳಸಿದ ತಂತ್ರಾಂಶ ನ್ಯೂಟನ್ ಮಾನವೆಂದು ತಿಳಿಯಿತು. ಎರಡೂ ತಮ್ಮ ತಮ್ಮ ಮಟ್ಟಿಗೆ ಲೆಕ್ಕ ತಪ್ಪಿರಲಿಲ್ಲ. ತಪ್ಪು ಇದ್ದುದು ಅವು ಕೂಡುವ ಜಾಗದಲ್ಲಿ.

ಏವಿಯಾನಿಕ್ಸ್ ಎಂಬುದು ವಿಮಾನದ ವಿದ್ಯುನ್ಮಾನ ವ್ಯವಸ್ಥೆಗಳ ಒಟ್ಟು ಹೆಸರು. ಪಥದರ್ಶಕ, ರೇಡಾರ್, ರೇಡಿಯೋ ಸಂಪರ್ಕ, ಚಾಲಕನ ಮುಂದಿರುವ ಪರದೆಗಳು, ಇಂಧನ ಮತ್ತು ಎಂಜಿನ್ ಸೂಚಕಗಳು, ಹಾರಾಟದ ಗಣಕಗಳು ಇದರಲ್ಲಿ ಸೇರುತ್ತವೆ. ಒಂದೊಂದು ಪೆಟ್ಟಿಗೆಯನ್ನೂ ಒಬ್ಬೊಬ್ಬ ತಯಾರಕರು ಮಾಡುತ್ತಾರೆ. ಒಂದೊಂದರೊಳಗೂ ಬೇರೆ ಬೇರೆ ತಂಡದವರು ಬರೆದ ತಂತ್ರಾಂಶವಿರುತ್ತದೆ. ಪ್ರತಿ ತಯಾರಕರೂ ತಮ್ಮ ಪೆಟ್ಟಿಗೆಯನ್ನು ಪರೀಕ್ಷಿಸಿ, ಪ್ರಮಾಣಪತ್ರದೊಡನೆ ಕಳುಹಿಸುತ್ತಾರೆ. ಹಾಗಿದ್ದರೂ ಎಲ್ಲವನ್ನೂ ಒಟ್ಟು ಸೇರಿಸಿದಾಗ ಕಾಣುವ ದೋಷಗಳು ಬೇರೆಯೇ. ಒಂದು ಪೆಟ್ಟಿಗೆ ಸೆಕೆಂಡಿಗೆ 50 ಬಾರಿ ಮಾಹಿತಿ ಕೇಳುತ್ತದೆ, ಇನ್ನೊಂದು 25 ಬಾರಿ ಮಾತ್ರ ಕೊಡುತ್ತದೆ. ಒಂದರ ವಿದ್ಯುತ್ ಕ್ಷಣಕಾಲ ಕುಗ್ಗಿದಾಗ ಇನ್ನೊಂದು ಹಳೆಯ ಅಂಕಿಯನ್ನೇ ಹೊಸದೆಂದು ತೋರಿಸುತ್ತದೆ. ತಂತಿಯ ಒಂದು ಪಿನ್ನು ಪಕ್ಕದ ರಂಧ್ರಕ್ಕೆ ಹೋಗಿರುತ್ತದೆ. ಪ್ರತ್ಯೇಕ ಪರೀಕ್ಷೆಯಲ್ಲಿ ಇವು ಸಿಗುವುದಿಲ್ಲ.

ಬೆಂಗಳೂರಿನ ಅನುಭವ

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. 1980ರ ದಶಕದಲ್ಲಿ ಜಾಗ್ವಾರ್ ವಿಮಾನಗಳಿಗೆ ಹೊಸ ಪಥದರ್ಶನ ಮತ್ತು ದಾಳಿ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯವನ್ನು ಬೆಂಗಳೂರಿನಲ್ಲಿ ವಾಯುಪಡೆಯ ಏಕೀಕರಣ ಸಂಘಟನೆಯು ಕೈಗೊಂಡಿತು. ‘ಡಾರಿನ್’ ಎಂದು ಹೆಸರಾದ ಈ ವ್ಯವಸ್ಥೆಯಲ್ಲಿ ಪಥದರ್ಶಕವು ಫ್ರಾನ್ಸಿನದು, ಚಾಲಕನ ಮುಂದಿನ ಪ್ರದರ್ಶಕಗಳು ಬ್ರಿಟನ್ನಿನವು, ವಿಮಾನದ ತಯಾರಿಕೆ ಎಚ್‌ಎಎಲ್‌ನದು. ಬೇರೆ ಬೇರೆ ದೇಶಗಳ ಪೆಟ್ಟಿಗೆಗಳು ಒಂದೇ ಭಾಷೆಯಲ್ಲಿ ಮಾತಾಡುವಂತೆ ಮಾಡುವುದೇ ಅಲ್ಲಿನ ಮುಖ್ಯ ಕೆಲಸವಾಗಿತ್ತು. ಬಳಿಕ 1986ರಲ್ಲಿ ಡಿಆರ್‌ಡಿಒ ಇದೇ ಉದ್ದೇಶಕ್ಕಾಗಿ ಬೆಂಗಳೂರಿನಲ್ಲಿ ಪ್ರತ್ಯೇಕ ಸಂಸ್ಥೆಯೊಂದನ್ನು ಆರಂಭಿಸಿತು. 2001ರಲ್ಲಿ ಅದಕ್ಕೆ ಡೇರ್ ಎಂಬ ಈಗಿನ ಹೆಸರು ಬಂದಿತು. ಸುಖೋಯ್-30 ಎಂಕೆಐ ವಿಮಾನದ ಮಿಷನ್ ಕಂಪ್ಯೂಟರನ್ನು ರೂಪಿಸಿದ್ದು ಈ ಸಂಸ್ಥೆಯೇ.

ಹಗುರ ಯುದ್ಧ ವಿಮಾನದ ಸಮಸ್ಯೆ ಇನ್ನೂ ಜಟಿಲವಾಗಿತ್ತು. 2003ರಲ್ಲಿ ತೇಜಸ್ ಎಂಬ ಹೆಸರು ಪಡೆದ ಈ ವಿಮಾನವನ್ನು, ಚುರುಕಾಗಿ ತಿರುಗಬೇಕೆಂಬ ಉದ್ದೇಶದಿಂದ, ತಾನಾಗಿ ಸ್ಥಿರವಾಗಿ ನಿಲ್ಲದ ರೀತಿಯಲ್ಲಿ ವಿನ್ಯಾಸಗೊಳಿಸಲಾಗಿದೆ. ಗಣಕ ನಿರಂತರವಾಗಿ ತಿದ್ದುತ್ತಿದ್ದರೆ ಮಾತ್ರ ಅದು ಹಾರಬಲ್ಲುದು. ಹಾರಾಟದ ನಿಯಂತ್ರಣ ಗಣಕದಲ್ಲಿ ನಾಲ್ಕು ಸಮಾನ ಶಾಖೆಗಳಿದ್ದು, ಅವು ಪರಸ್ಪರ ತಾಳೆ ನೋಡುತ್ತ, ತಪ್ಪಿದ ಶಾಖೆಯನ್ನು ಬದಿಗಿಡುತ್ತವೆ. 1984ರಲ್ಲಿ ಸ್ಥಾಪನೆಯಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಂದರೆ ಎಡಿಎ, ಈ ಯೋಜನೆಯ ಹೊಣೆ ಹೊತ್ತಿತ್ತು. ನಿಯಂತ್ರಣ ನಿಯಮಗಳ ರಚನೆಗಾಗಿ 1992ರಲ್ಲಿ ಎನ್‌ಎಎಲ್ ನೇತೃತ್ವದಲ್ಲಿ ರಾಷ್ಟ್ರೀಯ ತಂಡವೊಂದು ರೂಪುಗೊಂಡಿತು. ಅಮೆರಿಕದ ಕಂಪನಿಯೊಂದರ ನೆರವೂ ಇತ್ತು. ಆದರೆ 1998ರ ಮೇ ತಿಂಗಳ ಪೋಖರಣ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ ಆ ನೆರವು ನಿಂತುಹೋಯಿತು. ಉಳಿದ ಕೆಲಸವನ್ನು ದೇಶದಲ್ಲಿಯೇ, ಇದ್ದ ಪ್ರಯೋಗಾಲಯಗಳಲ್ಲಿಯೇ ಮುಗಿಸಬೇಕಾಯಿತು.

ಈ ಘಟ್ಟದಲ್ಲಿ ಕೈಹಿಡಿದದ್ದು ‘ಐರನ್ ಬರ್ಡ್’, ಅಂದರೆ ಕಬ್ಬಿಣದ ಹಕ್ಕಿ ಎಂದು ಕರೆಯಲಾಗುವ ರಿಗ್. ಹೆಸರಿಗೆ ತಕ್ಕಂತೆ ಅದೊಂದು ಹಾರಲಾರದ ಹಕ್ಕಿ. ಉಕ್ಕಿನ ಚೌಕಟ್ಟಿನ ಮೇಲೆ, ವಿಮಾನದಲ್ಲಿ ಎಲ್ಲಿರಬೇಕೋ ಅದೇ ಅಂತರದಲ್ಲಿ, ನಿಜವಾದ ಹೈಡ್ರಾಲಿಕ್ ಕೊಳವೆಗಳು, ಚಾಲಕ ಯಂತ್ರಗಳು, ಗಣಕಗಳು, ತಂತಿಗಳು ಇರುತ್ತವೆ. ಗಾಳಿ, ಎತ್ತರ, ವೇಗಗಳನ್ನು ಮಾತ್ರ ಬೇರೊಂದು ಗಣಕವು ಲೆಕ್ಕ ಹಾಕಿ ಒದಗಿಸುತ್ತದೆ. ಚಾಲಕನು ಆಸನದಲ್ಲಿ ಕುಳಿತು ಕೋಲನ್ನು ಸರಿಸಿದರೆ ನಿಜವಾದ ಯಂತ್ರ ಅಲುಗಾಡುತ್ತದೆ. ಅದರ ಪರಿಣಾಮವನ್ನು ಗಣಕ ಲೆಕ್ಕಿಸಿ ಪರದೆಯಲ್ಲಿ ತೋರಿಸುತ್ತದೆ. ಹೀಗೆ ನೆಲದ ಮೇಲೆ ಹಾರಾಟ ನಡೆಯುತ್ತದೆ. ಬೇಕೆಂದೇ ಒಂದು ಶಾಖೆಯನ್ನು ಆರಿಸಿ, ಒಂದು ತಂತಿಯನ್ನು ಕಡಿದು, ಉಳಿದವು ಹೇಗೆ ನಿಭಾಯಿಸುತ್ತವೆ ಎಂಬುದನ್ನು ನೋಡಲು ಬೇರೆ ಸುರಕ್ಷಿತ ಜಾಗವಿಲ್ಲ.

ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದೂ ಅಲ್ಲ. ತೇಜಸ್ ಮಾರ್ಕ್-1ಎ ಮಾದರಿಗಾಗಿ ದೇಶದಲ್ಲಿಯೇ ರೂಪಿಸಿದ ಹೊಸ ಹಾರಾಟ ನಿಯಂತ್ರಣ ಗಣಕವು 2024ರ ಫೆಬ್ರವರಿ 19ರಂದು ಎಲ್‌ಎಸ್‌ಪಿ-7 ಎಂಬ ವಿಮಾನದಲ್ಲಿ ಮೊದಲು ಹಾರಿತು. ವಿಮಾನ ಸೇವೆಗೆ ಸೇರಿ ವರ್ಷಗಳು ಕಳೆದರೂ ಒಂದು ಪೆಟ್ಟಿಗೆ ಬದಲಾದರೆ ಜೋಡಣೆಯ ಪರೀಕ್ಷೆ ಮತ್ತೆ ನಡೆಯಬೇಕು. ಆದ್ದರಿಂದ ರಿಗ್ ಎಂಬುದು ಯೋಜನೆಯ ಆರಂಭದ ಖರ್ಚಲ್ಲ. ವಸ್ತು ಬಳಕೆಯಲ್ಲಿರುವಷ್ಟು ಕಾಲವೂ ನಡೆಯುವ ಖರ್ಚು.

ರಿಗ್ ಕಟ್ಟುವ ಕ್ರಮ

ರಿಗ್ಗನ್ನು ಒಮ್ಮೆಗೇ ಕಟ್ಟುವುದಿಲ್ಲ. ಮೊದಲು ಗಣಕದೊಳಗೆ ವ್ಯವಸ್ಥೆಯ ಮಾದರಿಯೊಂದನ್ನೇ ನಡೆಸಿ ನೋಡುತ್ತಾರೆ. ಎರಡನೆಯ ಹಂತದಲ್ಲಿ ಬರೆದ ತಂತ್ರಾಂಶವನ್ನು ಆ ಮಾದರಿಯೊಡನೆ ಕೂಡಿಸುತ್ತಾರೆ. ಮೂರನೆಯ ಹಂತದಲ್ಲಿ ತಂತ್ರಾಂಶವನ್ನು ನಿಜವಾದ ಪೆಟ್ಟಿಗೆಗೆ ತುಂಬಿ, ಸುತ್ತಲಿನ ಪ್ರಪಂಚವನ್ನಷ್ಟೇ ಕೃತಕವಾಗಿ ಒದಗಿಸುತ್ತಾರೆ. ಕೊನೆಯ ಹಂತದಲ್ಲಿ ಕೃತಕವಾದ ಒಂದೊಂದನ್ನೇ ತೆಗೆದು, ಅದರ ಜಾಗದಲ್ಲಿ ನಿಜವಾದ ಪೆಟ್ಟಿಗೆಯನ್ನಿಡುತ್ತ ಹೋಗುತ್ತಾರೆ. ಯಾವ ಪೆಟ್ಟಿಗೆ ಇಟ್ಟಾಗ ದೋಷ ಬಂದಿತೆಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ಬೇಕಾಗುವ ಸಾಮಗ್ರಿಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

1. ವಿದ್ಯುತ್ ಪೂರೈಕೆ: ವಿಮಾನದಲ್ಲಿರುವಂತೆಯೇ 28 ವೋಲ್ಟ್ ನೇರ ವಿದ್ಯುತ್ತು ಮತ್ತು 115 ವೋಲ್ಟ್, 400 ಹರ್ಟ್ಸ್ ಪರ್ಯಾಯ ವಿದ್ಯುತ್ತು. ಮನೆ, ಕಾರ್ಖಾನೆಗಳಿಗೆ ಬರುವ 50 ಹರ್ಟ್ಸ್ ವಿದ್ಯುತ್ತು ಇಲ್ಲಿ ನೇರವಾಗಿ ಉಪಯೋಗಕ್ಕೆ ಬಾರದು. ವಿದ್ಯುತ್ತನ್ನು ಬೇಕೆಂದೇ ಕುಗ್ಗಿಸಿ, ಹಿಗ್ಗಿಸಿ ನೋಡುವ ಸೌಕರ್ಯವೂ ಇರಬೇಕು.

2. ಮಾಹಿತಿ ಜಾಲ: ಸೇನಾ ವಿಮಾನಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು 1978ರಲ್ಲಿ ರೂಪುಗೊಂಡ 1553-ಬಿ ಎಂಬ ಮಾನಕ. ಒಂದೇ ಜೋಡಿ ತಂತಿಯ ಮೇಲೆ ಸೆಕೆಂಡಿಗೆ 10 ಲಕ್ಷ ಬಿಟ್‌ಗಳ ವೇಗದಲ್ಲಿ 31 ಉಪಕರಣಗಳವರೆಗೆ ಸಂಪರ್ಕಿಸಬಹುದು. ಒಂದು ತಂತಿ ಕೆಟ್ಟರೆ ಕೆಲಸ ಮಾಡಲು ಬದಲಿ ತಂತಿ ಇರುತ್ತದೆ. ನಾಗರಿಕ ವಿಮಾನಗಳಲ್ಲಿ ಆರಿಂಕ್-429 ಮಾನಕ ಪ್ರಸಿದ್ಧವಾದುದು. ಈ ತಂತಿಗಳ ಮೇಲೆ ಹರಿಯುವ ಪ್ರತಿ ಮಾತನ್ನೂ ಸಮಯ ಸಹಿತ ದಾಖಲಿಸುವ ಯಂತ್ರ ರಿಗ್ಗಿನ ಕಣ್ಣಿದ್ದಂತೆ.

3. ತಂತಿ ಕಟ್ಟುಗಳು ಮತ್ತು ಬ್ರೇಕ್‌ಔಟ್ ಪೆಟ್ಟಿಗೆಗಳು: ತಂತಿಯ ಉದ್ದ, ಹೊದಿಕೆ, ಅರ್ಥಿಂಗ್ ಇವು ವಿಮಾನದಲ್ಲಿರುವಂತೆಯೇ ಇರಬೇಕು. ಯಾವ ಪಿನ್ನನ್ನಾದರೂ ಹೊರಗಿನಿಂದ ಮುಟ್ಟಿ ಅಳೆಯಲು, ಬೇಕಾದಾಗ ಕಡಿಯಲು ಬ್ರೇಕ್‌ಔಟ್ ಪೆಟ್ಟಿಗೆ ಬೇಕು.

4. ನೈಜ ಸಮಯದ ಗಣಕ: ವಿಮಾನದ ಚಲನೆಯನ್ನು ಲೆಕ್ಕಿಸಿ, ತಪ್ಪದೆ ನಿಗದಿತ ಕ್ಷಣದಲ್ಲಿಯೇ ಉತ್ತರ ಕೊಡುವ ಗಣಕವಿದು. ತಡವಾಗಿ ಬಂದ ಸರಿಯುತ್ತರವೂ ಇಲ್ಲಿ ತಪ್ಪುತ್ತರವೇ.

5. ಕಾಗದಪತ್ರ: ಯಾವ ಅಗತ್ಯಕ್ಕೆ ಯಾವ ಪರೀಕ್ಷೆ, ಯಾವ ಪೆಟ್ಟಿಗೆಯ ಯಾವ ಆವೃತ್ತಿ, ಯಾವ ದಿನದ ತಂತ್ರಾಂಶ, ಯಾರ ಸಮ್ಮುಖದಲ್ಲಿ ಎಂಬುದರ ಸಂಪೂರ್ಣ ದಾಖಲೆ. ಸೇನಾ ವಿಮಾನಗಳ ಅರ್ಹತೆಯನ್ನು ಸೆಮಿಲ್ಯಾಕ್ ಸಂಸ್ಥೆಯೂ ಗುಣಮಟ್ಟವನ್ನು ಡಿಜಿಎಕ್ಯೂಎ ಸಂಸ್ಥೆಯೂ ನೋಡಿಕೊಳ್ಳುತ್ತವೆ. ನಾಗರಿಕ ವಿಮಾನಗಳ ತಂತ್ರಾಂಶಕ್ಕೆ ಡಿಒ-178, ಯಂತ್ರಾಂಶಕ್ಕೆ ಡಿಒ-254 ಎಂಬ ಮಾರ್ಗಸೂಚಿಗಳಿವೆ.

ಈ ಐದನ್ನೂ ಗಮನಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ಬಾಬುಗಳು ಸಣ್ಣ ಘಟಕದ ಕೈಗೆ ಎಟುಕುವುದು ಕಷ್ಟ. ಆದರೆ ತಂತಿ ಕಟ್ಟು, ಬ್ರೇಕ್‌ಔಟ್ ಪೆಟ್ಟಿಗೆ, ಉಕ್ಕಿನ ಚೌಕಟ್ಟು, ಪ್ಯಾನೆಲ್, ಜಿಗ್ ಮುಂತಾದವು ಸಣ್ಣ ಕಾರ್ಯಾಗಾರದಲ್ಲಿಯೇ ಆಗುವ ಕೆಲಸಗಳು. ಐದನೆಯದಾದ ಕಾಗದಪತ್ರಕ್ಕೆ ಬೇಕಾಗುವುದು ಬಂಡವಾಳವಲ್ಲ, ಶಿಸ್ತು.

ರಿಗ್ ಇದ್ದೂ ತಪ್ಪಿದ ಪ್ರಸಂಗ

ರಿಗ್ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಭಾವಿಸಬಾರದು. ಯೂರೋಪಿನ ಏರಿಯಾನ್-5 ರಾಕೆಟ್ಟಿನ ಮೊದಲ ಉಡಾವಣೆ 1996ರ ಜೂನ್ 4ರಂದು ನಡೆಯಿತು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ ಸಿಡಿದುಹೋಯಿತು. ಅದರ ಪಥದರ್ಶಕವನ್ನು ಹಿಂದಿನ ಏರಿಯಾನ್-4ರಿಂದ ತಂತ್ರಾಂಶ ಸಹಿತ ಹಾಗೆಯೇ ತೆಗೆದುಕೊಳ್ಳಲಾಗಿತ್ತು. ಹೊಸ ರಾಕೆಟ್ಟಿನ ಅಡ್ಡ ವೇಗ ಹಳೆಯದಕ್ಕಿಂತ ಹೆಚ್ಚು. 64 ಬಿಟ್‌ಗಳ ಒಂದು ಅಂಕಿಯನ್ನು 16 ಬಿಟ್‌ಗಳ ಜಾಗದಲ್ಲಿ ತುಂಬಲು ಹೋದಾಗ ಅದು ಹಿಡಿಸಲಿಲ್ಲ, ಪಥದರ್ಶಕ ನಿಂತುಹೋಯಿತು. ಬದಲಿ ಪಥದರ್ಶಕದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತಿತ್ತು.

ತನಿಖಾ ಮಂಡಳಿಯ ವರದಿಯಲ್ಲಿ ಉದ್ಯಮಿಗಳು ಗಮನಿಸಬೇಕಾದ ಅಂಶವೊಂದಿದೆ. ಏರಿಯಾನ್-5ಕ್ಕೆ ಏಕೀಕರಣ ಪರೀಕ್ಷೆಯ ಸೌಲಭ್ಯ ಇದ್ದೇ ಇತ್ತು. ಆದರೆ ಸಮಗ್ರ ಪರೀಕ್ಷೆಯಲ್ಲಿ ನಿಜವಾದ ಪಥದರ್ಶಕವನ್ನು ಇಡದೆ, ಅದರ ಬದಲು ಕೃತಕ ಮಾದರಿಯನ್ನೇ ಬಳಸಲಾಗಿತ್ತು. ಹಿಂದಿನ ರಾಕೆಟ್ಟಿನಲ್ಲಿ ಚೆನ್ನಾಗಿ ನಡೆದ ಪೆಟ್ಟಿಗೆ ಇದು ಎಂಬ ನಂಬಿಕೆಯೇ ಅದಕ್ಕೆ ಕಾರಣ. ‘ಈ ಮಾಲನ್ನು ಹತ್ತು ವರ್ಷದಿಂದ ಕೊಡುತ್ತಿದ್ದೇವೆ, ಎಲ್ಲಿಯೂ ತಕರಾರು ಬಂದಿಲ್ಲ’ ಎಂಬ ಮಾತು ಪೇಟೆಯಲ್ಲಿ ನಿತ್ಯ ಕೇಳಿಬರುತ್ತದೆ. ಮಾಲು ಅದೇ ಇರಬಹುದು. ಅದು ಹೋಗಿ ಕೂಡಿಕೊಳ್ಳುವ ಯಂತ್ರ ಹೊಸದಾಗಿದ್ದರೆ ಹತ್ತು ವರ್ಷದ ಹೆಸರು ಅಲ್ಲಿ ಸಾಕ್ಷಿಯಾಗದು.

ಒಂದು ಗಂಟೆಯ ಬೆಲೆ

ಇನ್ನು ಹಣದ ಲೆಕ್ಕ. ಪರೀಕ್ಷೆಯ ಸೌಲಭ್ಯಕ್ಕೆ ಸಾಲ ಮಾಡುವ ಮುನ್ನ ಉದ್ಯಮಿ ಕೇಳಿಕೊಳ್ಳಬೇಕಾದ ಪ್ರಶ್ನೆ ಯಂತ್ರದ ಬೆಲೆ ಎಷ್ಟು ಎಂಬುದಲ್ಲ. ಅದರ ಒಂದು ಗಂಟೆಯ ಬೆಲೆ ಎಷ್ಟು ಎಂಬುದು. ಕೇವಲ ಉದಾಹರಣೆಗಾಗಿ 60 ಲಕ್ಷ ರೂಪಾಯಿಯ ಒಂದು ಸಣ್ಣ ಪರೀಕ್ಷಾ ವೇದಿಕೆಯನ್ನು ತೆಗೆದುಕೊಳ್ಳೋಣ. ಆಯುಷ್ಯ 6 ವರ್ಷವೆಂದರೆ ವಾರ್ಷಿಕ ಸವಕಳಿ 10 ಲಕ್ಷ. ಸರಾಸರಿ 30 ಲಕ್ಷದ ಮೇಲೆ ಶೇಕಡಾ 10ರಂತೆ ಬಡ್ಡಿ 3 ಲಕ್ಷ. ಇಬ್ಬರು ತಂತ್ರಜ್ಞರ ಸಂಬಳ 18 ಲಕ್ಷ. ಅಳತೆ ಉಪಕರಣಗಳ ಕ್ಯಾಲಿಬ್ರೇಷನ್, ತಂತ್ರಾಂಶ ಪರವಾನಗಿ, ದುರಸ್ತಿ ಸೇರಿ 6 ಲಕ್ಷ. ಬಾಡಿಗೆ ಮತ್ತು ವಿದ್ಯುತ್ತು 3 ಲಕ್ಷ. ಒಟ್ಟು ವರ್ಷಕ್ಕೆ 40 ಲಕ್ಷ ರೂಪಾಯಿ.

ವರ್ಷಕ್ಕೆ 250 ದಿನ, ದಿನಕ್ಕೆ 8 ಗಂಟೆಯಂತೆ 2,000 ಗಂಟೆ ಲಭ್ಯ. ಅದರಲ್ಲಿ 1,600 ಗಂಟೆ ಕೆಲಸ ದೊರೆತರೆ ಗಂಟೆಗೆ 2,500 ರೂಪಾಯಿ ಬೀಳುತ್ತದೆ. 1,000 ಗಂಟೆ ದೊರೆತರೆ 4,000 ರೂಪಾಯಿ. 300 ಗಂಟೆ ಮಾತ್ರ ದೊರೆತರೆ 13,300 ರೂಪಾಯಿಗೂ ಮೇಲೆ. ಖರ್ಚಿನ ಬಹುಪಾಲು ನಿಶ್ಚಿತ ಸ್ವರೂಪದ್ದಾದ್ದರಿಂದ ರಿಗ್ ಸುಮ್ಮನೆ ನಿಂತರೂ 40 ಲಕ್ಷ ಹೋಗಿಯೇ ಹೋಗುತ್ತದೆ. ಜಿನ್ನಿಂಗ್ ಕಾರ್ಖಾನೆಯ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಂಗಾಮು ಮುಗಿದ ಮೇಲೆ ನಿಂತ ಯಂತ್ರದ ಬಡ್ಡಿ ನಿಲ್ಲುವುದಿಲ್ಲವೆಂಬುದು ಅವರ ಅನುಭವವೇ.

ಆದ್ದರಿಂದ ಕೈಯಲ್ಲಿ ಆದೇಶವಿಲ್ಲದೆ, ‘ಸೌಲಭ್ಯ ಕಟ್ಟಿದರೆ ಗಿರಾಕಿ ಬರುತ್ತಾರೆ’ ಎಂಬ ನಂಬಿಕೆಯಿಂದ ಒಂದು ಘಟಕ ತಾನೊಂದೇ ರಿಗ್ ಕಟ್ಟುವುದು ವಿವೇಕವಲ್ಲ. ಅದೇ ರೀತಿ, ಪರೀಕ್ಷೆಯ ಖರ್ಚನ್ನು ದರಪಟ್ಟಿಯಲ್ಲಿ ತೋರಿಸದೆ ಲಾಭದಲ್ಲಿ ಮುಳುಗಿಸುವುದೂ ವಿವೇಕವಲ್ಲ. ತಂತಿ ಕಟ್ಟಿನ ಬೆಲೆಯಲ್ಲಿ ತಾಮ್ರ, ಕನೆಕ್ಟರ್, ಕೂಲಿಗಳ ಸಾಲಿನಲ್ಲಿಯೇ ಪರೀಕ್ಷೆಯ ಗಂಟೆಗಳೂ ಕಾಣಿಸಿಕೊಳ್ಳಬೇಕು. ಪರೀಕ್ಷೆ ಮಾಲಿನ ಭಾಗ, ಮೇಲ್ಖರ್ಚಲ್ಲ.

ಸ್ವೀಕೃತಿಯ ದಿನ ಯಾವುದು?

ಜೋಡಣೆಯ ತಕರಾರು ನೇರವಾಗಿ ತಟ್ಟುವುದು ಹಣದ ಪಾವತಿಗೆ. ಮಾಲು ತಲುಪಿದೆ, ಬಿಲ್ಲು ಹೋಗಿದೆ. ಆದರೆ ಖರೀದಿದಾರರು ‘ನಮ್ಮ ವ್ಯವಸ್ಥೆಯೊಡನೆ ಕೂಡಿಸಿ ನೋಡಿದ ಮೇಲೆ ಹಣ’ ಎನ್ನುತ್ತಾರೆ. ಆ ‘ಮೇಲೆ’ ಎಂಬುದು ಆರು ತಿಂಗಳೂ ಆಗಬಹುದು. ಸಣ್ಣ ಘಟಕದ ದುಡಿಯುವ ಬಂಡವಾಳ ಕಟ್ಟಿಬೀಳುವುದು ಇಲ್ಲಿಯೇ.

2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಕೊಡದಿದ್ದರೆ, ಮಾಲು ತಲುಪಿದ ದಿನವೇ ಸ್ವೀಕೃತಿಯ ದಿನವೆಂದು ಪರಿಗಣಿತವಾಗುತ್ತದೆ. ಆಕ್ಷೇಪಣೆ ಬಂದರೆ, ಪೂರೈಕೆದಾರರು ಅದನ್ನು ನಿವಾರಿಸಿದ ದಿನವು ಸ್ವೀಕೃತಿಯ ದಿನ. ಉಭಯರೂ ಒಪ್ಪಿದ ಪಾವತಿ ಅವಧಿಯು ಸ್ವೀಕೃತಿಯಿಂದ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ಮಾಸಿಕ ಚಕ್ರಬಡ್ಡಿ ಸಲ್ಲಬೇಕು. ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ, ಸೇವಾದಾರರಿಗೆ ಈ ರಕ್ಷಣೆಯಿದೆ. ವರ್ತಕರಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ದೊರೆತದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ ಎಂಬುದನ್ನು ಮರೆಯಬಾರದು.

ಕಾಯ್ದೆಯ ಈ ಬಲ ಉಪಯೋಗಕ್ಕೆ ಬರಬೇಕಾದರೆ ಖರೀದಿ ಆದೇಶದಲ್ಲಿ ಮೂರು ವಿಷಯಗಳು ಬರಹದಲ್ಲಿರಬೇಕು. ಮೊದಲನೆಯದು, ಪೂರೈಕೆದಾರರ ಕಡೆಯ ಪರೀಕ್ಷೆ ಯಾವುದು, ಖರೀದಿದಾರರ ರಿಗ್ಗಿನಲ್ಲಿ ನಡೆಯುವ ಪರೀಕ್ಷೆ ಯಾವುದು. ಎರಡನೆಯದು, ಪಿನ್ನಿನ ಸಂಖ್ಯೆ, ವೋಲ್ಟೇಜು, ಮಾಹಿತಿಯ ಮಾನ, ವೇಗಗಳನ್ನು ನಮೂದಿಸಿದ, ಇಬ್ಬರೂ ಸಹಿ ಮಾಡಿದ ಸಂಪರ್ಕ ದಾಖಲೆ. ವಿಮಾನೋದ್ಯಮದಲ್ಲಿ ಈ ದಾಖಲೆ ಇಲ್ಲದೆ ಕೆಲಸವೇ ಆರಂಭವಾಗುವುದಿಲ್ಲ. ಮೂರನೆಯದು, ಸಂಪರ್ಕ ದಾಖಲೆಯನ್ನು ಖರೀದಿದಾರರೇ ನಡುವೆ ಬದಲಿಸಿದರೆ ಮರುಪರೀಕ್ಷೆಯ ಖರ್ಚು ಯಾರದು ಎಂಬುದು. ಈ ಮೂರೂ ಇದ್ದಲ್ಲಿ ತಕರಾರು ಬಂದಾಗ ಮಾತಿನ ಬದಲು ಕಾಗದ ಸಾಕ್ಷಿ ಹೇಳುತ್ತದೆ.

ಲೆಕ್ಕಪತ್ರದಲ್ಲಿ ರಿಗ್

ರಿಗ್ಗಿನ ಯಂತ್ರಗಳು ಸ್ಥಿರಾಸ್ತಿಗಳಾಗಿ ಬಂಡವಾಳ ಖಾತೆಗೆ ಸೇರಿ, ಆಯುಷ್ಯಕ್ಕೆ ತಕ್ಕಂತೆ ಸವಕಳಿಯಾಗಬೇಕು. ಖರೀದಿಸಿದ ತಂತ್ರಾಂಶ ಪರವಾನಗಿ ಅಮೂರ್ತ ಆಸ್ತಿ. ಸ್ವಂತವಾಗಿ ನಡೆಸಿದ ಕೆಲಸದಲ್ಲಿ, ಲೆಕ್ಕ ಮಾನಕ 26ರಂತೆ, ಸಂಶೋಧನೆಯ ಹಂತದ ವೆಚ್ಚವನ್ನು ಆ ವರ್ಷವೇ ಲಾಭ-ನಷ್ಟ ಖಾತೆಗೆ ಹಾಕಬೇಕು. ಅಭಿವೃದ್ಧಿಯ ಹಂತದ ವೆಚ್ಚವನ್ನು, ತಾಂತ್ರಿಕ ಸಾಧ್ಯತೆ ಮತ್ತು ಮುಂದಿನ ಆದಾಯ ಮೊದಲಾದ ಷರತ್ತುಗಳು ಪೂರೈಸಿದಲ್ಲಿ ಮಾತ್ರ, ಆಸ್ತಿಯೆಂದು ತೋರಿಸಬಹುದು. ಬ್ಯಾಂಕಿನ ಮುಂದೆ ಆಸ್ತಿ ದೊಡ್ಡದಾಗಿ ಕಾಣಲೆಂದು ಎಲ್ಲವನ್ನೂ ಬಂಡವಾಳಕ್ಕೆ ಸೇರಿಸುವ ಪದ್ಧತಿ ಅಪಾಯಕಾರಿ.

ಯಂತ್ರಗಳ ಮೇಲೆ ಕಟ್ಟಿದ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಪಡೆದರೆ, ಆ ತೆರಿಗೆಯ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಕೇಳುವಂತಿಲ್ಲ. ಎರಡರಲ್ಲಿ ಒಂದು ಮಾತ್ರ. ಅನುಮೋದಿತ ಸ್ವಂತ ಸಂಶೋಧನಾ ಘಟಕವುಳ್ಳ ಕಂಪನಿಗಳಿಗೆ ವಾಸ್ತವ ವೆಚ್ಚಕ್ಕಿಂತ ಹೆಚ್ಚಿನ ಕಡಿತ ದೊರೆಯುತ್ತಿದ್ದ ಕಾಲವೊಂದಿತ್ತು. 2020ರ ಏಪ್ರಿಲ್ 1ರಿಂದ ಆ ಹೆಚ್ಚುವರಿ ನಿಂತಿದೆ. ಹಳೆಯ ಯೋಜನಾ ವರದಿಗಳಲ್ಲಿ ಆ ಲಾಭವನ್ನು ಇನ್ನೂ ತೋರಿಸುವವರಿದ್ದರೆ ಎಚ್ಚರ ವಹಿಸಬೇಕು. 1961ರ ಕಾಯ್ದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರಚಿತವಾಗಿರುವುದರಿಂದ ಕಲಂಗಳ ಸಂಖ್ಯೆಗಳೂ ಬದಲಾಗಿವೆ.

ಹಂಚಿಕೊಂಡರೆ ಹಗುರ

ಒಬ್ಬರಿಗೆ ಭಾರವಾದದ್ದನ್ನು ಹಲವರು ಹೊರುವ ಮಾರ್ಗವನ್ನು ಸರ್ಕಾರವೂ ಗುರುತಿಸಿದೆ. ರಕ್ಷಣಾ ಸಚಿವಾಲಯವು 2020ರ ಮೇ ತಿಂಗಳಲ್ಲಿ 400 ಕೋಟಿ ರೂಪಾಯಿಯ ರಕ್ಷಣಾ ಪರೀಕ್ಷಾ ಮೂಲಸೌಕರ್ಯ ಯೋಜನೆಯನ್ನು 5 ವರ್ಷಗಳ ಅವಧಿಗೆಂದು ಪ್ರಕಟಿಸಿತು. 6ರಿಂದ 8 ಪರೀಕ್ಷಾ ಕೇಂದ್ರಗಳನ್ನು ಕಟ್ಟುವ ಗುರಿಯ ಆ ಯೋಜನೆಯಲ್ಲಿ ವೆಚ್ಚದ ಶೇಕಡಾ 75ರವರೆಗೆ ಕೇಂದ್ರದ ಅನುದಾನ. ಉಳಿದುದನ್ನು ಖಾಸಗಿ ಉದ್ಯಮಗಳೂ ರಾಜ್ಯ ಸರ್ಕಾರವೂ ಸೇರಿದ ವಿಶೇಷ ಉದ್ದೇಶದ ಕಂಪನಿ ಭರಿಸಬೇಕು. ಕೇಂದ್ರವನ್ನು ನಡೆಸುವ ಖರ್ಚನ್ನು ಬಳಕೆದಾರರ ಶುಲ್ಕದಿಂದಲೇ ತೂಗಿಸಬೇಕೆಂಬ ಷರತ್ತೂ ಇತ್ತು. ಅನುದಾನದಿಂದ ಕಟ್ಟಡವೇಳಬಹುದು, ಕೇಂದ್ರವನ್ನು ನಡೆಸುವುದು ಗಂಟೆಗಳ ಬಳಕೆ ಎಂಬ ಮೇಲಿನ ಲೆಕ್ಕವನ್ನೇ ಈ ಷರತ್ತು ಹೇಳುತ್ತದೆ. 2024ರ ಜುಲೈನಲ್ಲಿ ತಮಿಳುನಾಡಿನ ಮೂರು ಕೇಂದ್ರಗಳಿಗೆ ಇದರಡಿ ಒಪ್ಪಂದಗಳಾದವು.

ಚಿಕ್ಕ ಪ್ರಮಾಣದಲ್ಲಿ, ಸಣ್ಣ ಉದ್ಯಮಗಳ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದಡಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅವಕಾಶವಿದೆ. 2022ರ ಮಾರ್ಗಸೂಚಿಯಲ್ಲಿ 5ರಿಂದ 10 ಕೋಟಿ ರೂಪಾಯಿಯ ಕೇಂದ್ರಕ್ಕೆ ಸಾಮಾನ್ಯವಾಗಿ ಶೇಕಡಾ 70, ಅದಕ್ಕೂ ಮೇಲೆ 30 ಕೋಟಿಯವರೆಗೆ ಶೇಕಡಾ 60ರ ಅನುದಾನ ನಿಗದಿಯಾಗಿದೆ. ಅರ್ಜಿ ಹಾಕುವ ಮುನ್ನ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

ಎಲ್ಲಿಂದ ಆರಂಭಿಸಬೇಕು?

ಉತ್ತರ ಕರ್ನಾಟಕದಲ್ಲಿ ವಿಮಾನೋದ್ಯಮ ಕಾಲಿಟ್ಟಿಲ್ಲವೆಂದೇನೂ ಇಲ್ಲ. ಬೆಳಗಾವಿ ಸಮೀಪದ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಆದರೆ ಅದು ಮುಖ್ಯವಾಗಿ ಲೋಹದ ಕೆಲಸ. ವಿದ್ಯುನ್ಮಾನ ಜೋಡಣೆಯ ಪೂರ್ಣ ಪ್ರಮಾಣದ ರಿಗ್ ಬೆಂಗಳೂರಿನಲ್ಲಿಯೇ ಉಳಿಯುವುದು ಸಹಜ. ಅದನ್ನು ಇಂಡಿಯಲ್ಲೋ ಸಿಂದಗಿಯಲ್ಲೋ ಕಟ್ಟುವ ಕನಸು ಕಾಣುವುದು ಸದ್ಯಕ್ಕೆ ಹಣದ ಅಪವ್ಯಯ.

ಸಾಧ್ಯವಿರುವುದು ಬೇರೆ. ನಾಲ್ಕು ತಾಲ್ಲೂಕುಗಳ ಪ್ಯಾನೆಲ್ ಬೋರ್ಡ್, ಸ್ಟಾರ್ಟರ್, ಪಂಪ್ ನಿಯಂತ್ರಕ, ತೂಕದ ಯಂತ್ರ ತಯಾರಕರು ಮತ್ತು ದುರಸ್ತಿಗಾರರು ಕೂಡಿ ಒಂದು ಪರೀಕ್ಷಾ ಮೇಜನ್ನು ಕಟ್ಟಿಕೊಳ್ಳಬಹುದು. ವೋಲ್ಟೇಜನ್ನು ಬೇಕಾದಂತೆ ಏರಿಳಿಸುವ ಪೂರೈಕೆ, ಕೃತಕ ಮೋಟಾರು ಭಾರ, ಸಂವೇದಕದ ಬದಲು ಸುಳ್ಳು ಅಂಕಿ ಕೊಡುವ ಸಣ್ಣ ಗಣಕ, ಎಲ್ಲವನ್ನೂ ದಾಖಲಿಸುವ ಯಂತ್ರ ಇಷ್ಟಿದ್ದರೆ ಆರಂಭಕ್ಕೆ ಸಾಕು. ಬೇಸಿಗೆಯಲ್ಲಿ ಹಳ್ಳಿಯ ಲೈನಿನ ವೋಲ್ಟೇಜು ಕುಸಿದಾಗ ಪಂಪಿನ ನಿಯಂತ್ರಕ ಏನು ಮಾಡುತ್ತದೆ ಎಂಬುದನ್ನು ರೈತನ ಹೊಲದಲ್ಲಿ ತಿಳಿಯುವ ಬದಲು ಈ ಮೇಜಿನ ಮೇಲೆ ತಿಳಿಯಬಹುದು. ವಿಜಯಪುರ ಜಿಲ್ಲೆಯ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಊರಲ್ಲಿಯೇ ದೊರೆಯಬಹುದಾದ ಕೆಲಸವೂ ಇದೇ.

ಈ ಮೇಜಿನ ಮೇಲೆ ಎರಡು-ಮೂರು ವರ್ಷ ದಾಖಲೆ ಸಹಿತ ಕೆಲಸ ಮಾಡಿ ಪಳಗಿದ ಘಟಕಕ್ಕೆ ಮುಂದಿನ ಹೆಜ್ಜೆ ತೆರೆದಿರುತ್ತದೆ. ತಂತಿ ಕಟ್ಟುಗಳ ತಯಾರಿಕೆಗೆ ಐಪಿಸಿ-ಎ-620 ಎಂಬ ಮಾನಕವಿದೆ. ಕುಶಲಕರ್ಮಿಗಳಿಗೆ ಅದರಲ್ಲಿ ತರಬೇತಿ ಕೊಡಿಸಬಹುದು. ವಿಮಾನೋದ್ಯಮದ ಗುಣಮಟ್ಟ ವ್ಯವಸ್ಥೆಗೆ ಎಎಸ್-9100 ಪ್ರಮಾಣಪತ್ರ ಪಡೆಯಬಹುದು. ಪ್ರಮಾಣಪತ್ರಕ್ಕಾಗಿ ಬಂದ ಪರಿಶೀಲಕರು ಮೊದಲು ಕೇಳುವುದು ಯಂತ್ರಗಳನ್ನಲ್ಲ, ದಾಖಲೆಗಳನ್ನು: ಮೂರು ತಿಂಗಳ ಹಿಂದೆ ಹೋದ ಈ ಮಾಲಿನ ಈ ತಂತಿ ಯಾವ ಲಾಟಿನದು, ಕ್ರಿಂಪ್ ಮಾಡಿದವರು ಯಾರು, ಅಳೆದ ಮೀಟರಿನ ಕ್ಯಾಲಿಬ್ರೇಷನ್ ಯಾವಾಗಿನದು ಎಂದು. ಕಿರ್ದಿಯಿಂದ ಖಾತೆಗೆ, ಖಾತೆಯಿಂದ ಅಡಾವೆಗೆ ಪ್ರತಿ ರೂಪಾಯಿಯ ಜಾಡು ಹಿಡಿದು ಹೋಗಬಲ್ಲ ವರ್ತಕ ಸಮುದಾಯಕ್ಕೆ ಒಂದು ಪಿನ್ನಿನ ಜಾಡು ಹಿಡಿಯುವ ಶಿಸ್ತು ಅಸಾಧ್ಯವಾದುದಲ್ಲ.

ವಾಣಿಜ್ಯೋದ್ಯಮ ಸಂಸ್ಥೆಗಳು ಈ ದಿಸೆಯಲ್ಲಿ ಮಾಡಬಹುದಾದ ಮೊದಲ ಕೆಲಸ ಸಣ್ಣದು, ಖರ್ಚಿಲ್ಲದ್ದು. ಕಳೆದ ಎರಡು ವರ್ಷಗಳಲ್ಲಿ ಸದಸ್ಯರ ಯಾವ ಯಾವ ಮಾಲು ‘ಕೂಡಿಕೊಳ್ಳಲಿಲ್ಲ’ ಎಂಬ ಕಾರಣಕ್ಕೆ ಹಿಂದಿರುಗಿತು, ಅದರಿಂದ ಎಷ್ಟು ಹಣ ಎಷ್ಟು ದಿನ ಕಟ್ಟಿಬಿದ್ದಿತು ಎಂಬುದರ ಪಟ್ಟಿಯೊಂದನ್ನು ನಾಲ್ಕೂ ತಾಲ್ಲೂಕುಗಳಿಂದ ತರಿಸಿಕೊಳ್ಳುವುದು. ಪರೀಕ್ಷಾ ಮೇಜು ಬೇಕೇ, ಬೇಕಾದರೆ ಎಷ್ಟು ದೊಡ್ಡದು, ಅದಕ್ಕೆ ವರ್ಷಕ್ಕೆ ಎಷ್ಟು ಗಂಟೆ ಕೆಲಸ ದೊರೆಯುವುದು ಎಂಬ ಪ್ರಶ್ನೆಗಳಿಗೆಲ್ಲ ಆ ಪಟ್ಟಿಯಲ್ಲಿಯೇ ಉತ್ತರವಿರುತ್ತದೆ.